ಸೈಗಾನಿನಲ್ಲಿ ನಾನು ಕೂಗಿದ ಕೂಗು

ಹಿರೀಸಾವೆ, ಹಿಂದಿರುಗುವ ದಾರಿಯಲ್ಲಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸೈಗಾನ್ ಎಂಬ ಊರಿನಲ್ಲಿ, ಅರ್ಧವೇ ಅರ್ಥವಾದ ಒಂದು ಮಾತನ್ನು ನನ್ನದಲ್ಲದ ದನಿಯಲ್ಲಿ ಕೂಗಿ, ಒಂದು ಓಣಿಯ ಗಂಡಸರನ್ನು ಹಿಡಿಸಿಕೊಟ್ಟ ಜಾಣ ನಾನೇ. ಗುಂಡು ಹಾರಿಸಲಿಲ್ಲ, ಯಾರ ಮನೆಯ ಬಾಗಿಲನ್ನೂ ಒದೆಯಲಿಲ್ಲ. ಅಣಕ ಮಾಡಿದೆ, ಅಷ್ಟೆ. ನಮ್ಮ ಕಡೆ ಅಣಕ ಮಾಡಿದರೆ ಕಾಫಿ ಕೊಡಿಸುತ್ತಾರೆ.

ಮಿಲಿಟರಿಯಿಂದ ಬಿಡುಗಡೆಯಾಗಿ ಬೆಂಗಳೂರಿನಿಂದ ಹಾಸನದ ಕಡೆ ಬರುವಾಗ ಹಿರೀಸಾವೆಯಲ್ಲಿ ಬಸ್ಸು ನಿಂತಿತು. ಇದ್ದಿಲ ಗ್ಯಾಸಿನ ಬಸ್ಸು. ಡ್ರೈವರು ಹಿಂದೆ ಹೋಗಿ ಒಲೆ ಕೆದಕತೊಡಗಿದ. ನನ್ನ ಖಾಕಿ ಬಟ್ಟೆ ನೋಡಿ ಹೋಟೆಲಿನಲ್ಲಿ ನಾಲ್ಕು ಜನ ಸುತ್ತಿಕೊಂಡರು.

“ಯುದ್ದುಕ್ಕೋಗಿದ್ರಾ ಸಾ? ಬಿಳೀಜನ ಎಂಗ್ ಮಾತಾಡ್ತಾರೆ, ಒಸಿ ತೋರ್ಸಿ ಸಾ.”

ತೋರಿಸಿದೆ. ಮೂಗಿನಲ್ಲೇ ಆಜ್ಞೆ ಮಾಡುವ ಇಂಗ್ಲಿಷ್ ಕ್ಯಾಪ್ಟನ್, ಸೊಂಟದಲ್ಲಿ ಕೀಲು ಇದ್ದವನಂತೆ ಬಗ್ಗುವ ಜಪಾನಿ ಸಿಪಾಯಿ, ನಾಯಿಯ ಜೊತೆ ಮಗುವಿನ ಹಾಗೂ ಆಳಿನ ಜೊತೆ ನಾಯಿಯ ಹಾಗೂ ಮಾತನಾಡುವ ಫ್ರೆಂಚ್ ದೊರೆಸಾನಿ. ಜನ ಬೆಂಚು ತಟ್ಟಿ ನಕ್ಕರು. ಆಗ ಒಬ್ಬ ಮುದುಕ, “ಅಲ್ಲಿ ದೇಸದ್ ಜನ ಇರ್ತಾರಲ್ಲಾ, ನಮ್ಮಂಗೆ ಗದ್ದೆ ಮಾಡೋರು, ಅವರ್ ಮಾತು ಎಂಗೈತೆ ಸಾ?” ಎಂದು ಕೇಳಿದ.

ಬಾಯಿ ತೆರೆದೆ. ದನಿ ಗಂಟಲವರೆಗೆ ಬಂದಿತ್ತು, ಹೆಂಗಸಿನ ದನಿ, ಕೊನೆಯಲ್ಲಿ ಕೆಳಗಿಳಿಯುವ ರಾಗ. ಬಾಯಿ ಮುಚ್ಚಿದೆ. “ಬಸ್ಸು ಹೊರಟಿತು” ಎಂದೆ. ಡ್ರೈವರು ಇನ್ನೂ ಇದ್ದಿಲು ಕೆದಕುತ್ತಲೇ ಇದ್ದ.

ಚನ್ನರಾಯಪಟ್ಟಣದಲ್ಲಿ, ಶಾಂತಿಗ್ರಾಮದಲ್ಲಿ, ಹಾಸನದ ಬಸ್ ನಿಲ್ದಾಣದಲ್ಲಿ, ಕೇಳಿದವರಿಗೆಲ್ಲ ಹೀಗೇ ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದೇನೆ. ಆ ಒಂದು ದನಿಯನ್ನು ಏಕೆ ಮಾಡುವುದಿಲ್ಲ ಎಂಬುದಕ್ಕೆ ಈ ಪ್ರವಾಸದ ಕಥೆ.

ಹೊಳೆನರಸೀಪುರದಿಂದ ಬರ್ಮಾಕ್ಕೆ

ನಮ್ಮದು ಹೊಳೆನರಸೀಪುರದ ಪೇಟೆಯಲ್ಲಿ ಜವಳಿ ಅಂಗಡಿ. ಗಿರಾಕಿ ಮೆಟ್ಟಿಲಿಳಿಯುವ ಮೊದಲೇ ನಾನು ಅವರಂತೆಯೇ ಸೀರೆಯ ಸೆರಗು ಉಜ್ಜಿ, ಮೂಗು ಮುರಿದು ತೋರಿಸುತ್ತಿದ್ದೆ. ವ್ಯಾಪಾರ ಕೆಡುತ್ತದೆಂದು ಅಪ್ಪ ಹಾಸನದ ಹೈಸ್ಕೂಲಿಗೆ ಅಟ್ಟಿದರು. ಅಲ್ಲಿ ಒಂದು ದಿನ ಹೆಡ್‌ಮಾಸ್ತರ ಹಾಗೆ ಪಾಠ ಮಾಡುತ್ತಿದ್ದಾಗ ಅವರೇ ನನ್ನ ಹಿಂದೆ ಬಂದು ನಿಂತಿದ್ದರು. ಪೂರ್ತಿ ಕೇಳಿ, “ನನ್ನ ಕೆಮ್ಮು ಬಿಟ್ಟುಬಿಟ್ಟೆಯಲ್ಲಪ್ಪ ನಂಜುಂಡ” ಎಂದರು. ಆಮೇಲೆ ಸ್ಕೂಲು ಬಿಡಿಸಿದರು.

ನಲವತ್ತೆರಡರ ಚಳವಳಿಯ ವರ್ಷ ನನ್ನ ಜೊತೆಯವರು ಹಾಸನದ ಬೀದಿಯಲ್ಲಿ ಬಾವುಟ ಹಿಡಿದು ಹೊರಟಾಗ ನಾನು ಪಕ್ಕದಲ್ಲಿ ಪೊಲೀಸ್ ಇನ್‌ಸ್ಪೆಕ್ಟರ ನಡಿಗೆ ನಡೆದು ಅವರನ್ನು ನಗಿಸಿದೆ. ನಿಜವಾದ ಇನ್‌ಸ್ಪೆಕ್ಟರ್ ಬಂದಾಗ ಎಲ್ಲರಿಗಿಂತ ಮೊದಲು ಓಡಿದವನೂ ನಾನೇ. ಅವರು ಜೈಲಿಗೆ ಹೋದರು, ನಾನು ಮಿಲಿಟರಿಗೆ ಹೋದೆ. ಹೊರಡುವಾಗ ಅಪ್ಪ, “ಅಲ್ಲಾದರೂ ಬಾಯಿ ಮುಚ್ಕೊಂಡಿರು” ಎಂದರು. ಮಿಲಿಟರಿಯವರು ನನಗೆ ಕೊಟ್ಟ ಕೆಲಸ ಟೆಲಿಫೋನಿನದು.

ಬರ್ಮಾದ ಕಾಡಿನಲ್ಲಿ ತಂತಿ ಎಳೆಯುವಾಗ ನಮ್ಮ ಲಾರಿಯ ಡ್ರೈವರಾಗಿ ಬಂದವರು ಅರಕಲಗೂಡು ಕಡೆಯ ದೊಡ್ಡೇಗೌಡರು. ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಬಾಯಲ್ಲಿ ‘ಹ’ಕಾರ ನಿಲ್ಲುವುದಿಲ್ಲ. ನಮ್ಮೂರನ್ನು ‘ಒಳೆನರಸೀಪುರ’ ಎನ್ನುವರು.

“ಗೌಡ್ರೇ, ನಮ್ಮೂರು ಹೊಳೆ ಪಕ್ಕ ಇದೆ. ಒಳಗಿಲ್ಲ.”

“ನೀವ್ ಅಂಗ್ಡಿ ಜನ ಕಣ್ಲಾ. ಒಂದೊಂದ್ ಅಕ್ಸರಾನೂ ತೂಗಿ ಕೊಡ್ತೀರಿ. ನಮ್ಗ್ಯಾಕ್ ಬುಡು” ಎನ್ನುವರು.

ಜಪಾನು ಸೋತಿತು, ಯುದ್ಧ ಮುಗಿಯಿತು. ಊರಿಗೆ ಹೋಗುತ್ತೇವೆಂದು ಗೌಡರು ಮೀಸೆ ಕತ್ತರಿಸಿಕೊಂಡರು. ನಮ್ಮನ್ನು ರಂಗೂನಿನಲ್ಲಿ ಹಡಗು ಹತ್ತಿಸಿದರು. ಹಡಗು ಊರಿನ ದಿಕ್ಕಿಗೆ ತಿರುಗಲಿಲ್ಲ.

ಸೈಗಾನಿನ ಬಂದರು

ಹಡಗು ಸಮುದ್ರ ಬಿಟ್ಟು ಒಂದು ನದಿಯೊಳಕ್ಕೆ ನುಗ್ಗಿತು. ಹೊಸ ನೀರು ಬಂದಾಗಿನ ಹೇಮಾವತಿಯದೇ ಬಣ್ಣ. ಎರಡೂ ಕಡೆ ಗದ್ದೆ, ಗದ್ದೆಯಲ್ಲಿ ಎಮ್ಮೆ. ಗೌಡರು ಕಟಕಟೆಗೆ ಒರಗಿ ಬಹಳ ಹೊತ್ತು ನೋಡಿ, “ಇವ್ರ್ ಮ್ಯಾಲ್ ಏನ್ಲಾ ನಮ್ಗ್ ಜಗ್ಳ?” ಎಂದರು.

ಬಂದರಿನಲ್ಲಿ ಇಳಿದರೆ ಎದುರಿಗೆ ಜಪಾನಿ ಸಿಪಾಯಿಗಳು, ಕೈಯಲ್ಲಿ ಬಂದೂಕು. ಗೌಡರು ಗುಂಡು ತಪ್ಪಿಸಿಕೊಳ್ಳಲು ನೆಲಕ್ಕೆ ಬೀಳುವುದರಲ್ಲಿದ್ದರು. ನಮ್ಮ ಇಂಗ್ಲಿಷ್ ಕ್ಯಾಪ್ಟನ್ ವಿವರಿಸಿದ: ಇವರು ಶರಣಾಗಿದ್ದಾರೆ, ಆದರೆ ನಮ್ಮ ಜನ ಸಾಲದು, ಆದ್ದರಿಂದ ಸದ್ಯಕ್ಕೆ ಇವರೂ ನಮ್ಮ ಜೊತೆ ಕಾವಲು.

“ಮೊನ್ನೆಗಂಟ ನಮ್ಗ್ ಗುಂಡ್ ಒಡೀತಿದ್ದೋರು ಇವ್ರೇ ಅಲ್ವೇನ್ಲಾ?”

“ಈಗ ನಮ್ಮವರು ಗೌಡ್ರೇ.”

“ಅಂಗಾರೆ ಒಡಿಯಾದ್ ಯಾರ್ಗೆ?”

ನಾನು ನಗಿಸಲೆಂದು ಜಪಾನಿಯವನ ಹಾಗೆ ಸೊಂಟ ಬಗ್ಗಿಸಿದೆ. ಅವನು ಅದನ್ನು ಮರ್ಯಾದೆ ಎಂದು ತಿಳಿದು ತಾನೂ ಬಗ್ಗಿದ. ಮತ್ತೆ ಬಗ್ಗಿದೆ, ಮತ್ತೆ ಬಗ್ಗಿದ. ಇಬ್ಬರು ಹೆಂಗಸರು ಒಂದೇ ಒರಳಿನಲ್ಲಿ ಭತ್ತ ಕುಟ್ಟಿದ ಹಾಗೆ ಒಬ್ಬರಾದ ಮೇಲೆ ಒಬ್ಬರು ಬಗ್ಗುತ್ತಲೇ ಇದ್ದೆವು. ಕ್ಯಾಪ್ಟನ್ ನನ್ನ ಕಾಲರು ಹಿಡಿದು ಎಳೆಯಬೇಕಾಯಿತು.

ಊರೊಳಗೆ ಅಂಗಡಿಗಳೆಲ್ಲ ಮುಚ್ಚಿದ್ದವು. ಮುಷ್ಕರ. ರಸ್ತೆಗೆ ಅಡ್ಡ ಮರ ಕಡಿದು ಕೆಡವಿದ್ದರು. ಮೊದಲು ಆಳುತ್ತಿದ್ದ ಫ್ರೆಂಚರು ಮತ್ತೆ ಬಂದು ಕೂರಬೇಕು, ಊರಿನ ಜನ ಬೇಡವೆನ್ನುತ್ತಾರೆ, ಕೂರಿಸಲು ನಾವು. ಗೋಡೆಗೆ ಕಟ್ಟಿದ ಬಟ್ಟೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಗೌಡರಿಗೆ ಓದಿ ಹೇಳಿದೆ: ‘ಭಾರತದ ಸಿಪಾಯಿಗಳೇ, ನಿಮಗೆ ಬೇಕಾದ್ದೇ ನಮಗೂ ಬೇಕು, ಮನೆಗೆ ಹೋಗಿ.’

ಗೌಡರು, “ನಂಗೂ ಅದೇ ಬೇಕಾಗಿರಾದು ಕಣ್ಲಾ” ಎಂದು ಲಾರಿ ಹತ್ತಿದರು.

ಚಾಯ್

ಮುಷ್ಕರ ಸ್ವಲ್ಪ ಸಡಿಲವಾದ ಮೇಲೆ ನಮ್ಮ ಠಾಣ್ಯದ ಹಿಂದಿನ ಓಣಿಯಲ್ಲಿ ಒಬ್ಬ ಹೆಂಗಸು ಹೆಗಲ ಮೇಲೆ ಬಿದಿರಿನ ಅಡ್ಡೆ ಹೊತ್ತು ಬರತೊಡಗಿದಳು. ಒಂದು ಕಡೆ ಒಲೆ ಮತ್ತು ಸಾರಿನ ಪಾತ್ರೆ, ಇನ್ನೊಂದು ಕಡೆ ಬಟ್ಟಲು ಮತ್ತು ಅಕ್ಕಿಯ ಶಾವಿಗೆ. ಅವಳನ್ನು ಜನ ‘ಬಾ ತೂ’ ಎಂದು ಕರೆಯುತ್ತಿದ್ದರು. “ಬಾ ಅಂತಾರೆ, ತೂ ಅಂತಾರೆ. ಕರೆಯೋದೋ ಉಗಿಯೋದೋ?” ಎಂದು ಗೌಡರಿಗೆ ಅನುಮಾನ.

ನನಗೆ ಚಹಾ ಬೇಕಿತ್ತು. ಮಿಲಿಟರಿ ಹಿಂದೂಸ್ತಾನಿಯಲ್ಲಿ “ಚಾಯ್” ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮುಖದಲ್ಲಿ ಭಕ್ತಿ ತಂದುಕೊಂಡು, ಪಾತ್ರೆ ಪಕ್ಕಕ್ಕಿಟ್ಟು, ಬೇರೆ ಮಡಕೆಯ ಸೊಪ್ಪಿನ ಸಾರಿಗೆ ಶಾವಿಗೆ ಹಾಕಿ ಕೊಟ್ಟಳು. ಮತ್ತೆ “ಚಾಯ್” ಎಂದೆ. ಇನ್ನಷ್ಟು ಸೊಪ್ಪು ಹಾಕಿದಳು. ಅವರ ಭಾಷೆಯಲ್ಲಿ ಚಾಯ್ ಎಂದರೆ ಮಾಂಸವಿಲ್ಲದ ಊಟ, ವ್ರತದವರು ಉಣ್ಣುವುದು. ಬರ್ಮಾದಲ್ಲಿ ಡಬ್ಬಿಯ ಮಾಂಸ ತಿಂದು ಕೊರಳಿನ ಲಿಂಗ ಮುಟ್ಟಿ ಕ್ಷಮೆ ಕೇಳುತ್ತಿದ್ದ ಲಿಂಗವಂತರ ಹುಡುಗ ನಾನು, ಸಾವಿರಾರು ಮೈಲಿ ದೂರದಲ್ಲಿ ಚಹಾ ಕೇಳಿ ಮತ್ತೆ ಮಡಿವಂತನಾದೆ.

ಅವಳ ಗಂಡ ಪುದುಚೇರಿಯ ತಮಿಳರವನು, ಉಗ್ರಾಣದ ಕಾವಲುಗಾರ. ತೀರಿಕೊಂಡಿದ್ದ. ಹಾಗಾಗಿ ಅವಳಿಗೆ ಒಂದಿಷ್ಟು ತಮಿಳು ಬರುತ್ತಿತ್ತು. ಅದರಲ್ಲಿ ನಿನ್ನೆಯೂ ಇಲ್ಲ, ನಾಳೆಯೂ ಇಲ್ಲ, ಎಲ್ಲವೂ ಇವತ್ತೇ: “ಗಂಡ ಸಾಯುತ್ತಾನೆ. ನಾನು ಅಡ್ಡೆ ಹೊರುತ್ತೇನೆ.” ನನ್ನದು ಬೆಂಗಳೂರು ದಂಡಿನ ತಮಿಳು. ಇಬ್ಬರೂ ಸೇರಿ ಆ ಭಾಷೆಯ ಕೈಕಾಲು ಮುರಿದು ಸ್ನೇಹಿತರಾದೆವು.

ಅಲ್ಲಿ ಹುಟ್ಟಿದ ಸಾಲಿನ ಮೇಲೆ ಕರೆಯುವ ಪದ್ಧತಿ. ಎಣಿಕೆ ಶುರುವಾಗುವುದು ಎರಡರಿಂದ: ಚೊಚ್ಚಲ ಮಗುವನ್ನು ಒಂದು ಎನ್ನುವುದಿಲ್ಲ, ಎರಡು ಎನ್ನುತ್ತಾರೆ. ಅವಳು ಮೂರನೆಯವಳು, ಆದ್ದರಿಂದ ತೂ, ಅಂದರೆ ನಾಲ್ಕು. ‘ಬಾ’ ಎಂದರೆ ಅಮ್ಮ. ನಾನು ಮನೆಗೆ ಹಿರಿಯವನು ಎಂದು ತಿಳಿದ ಮೇಲೆ ನನ್ನನ್ನು ‘ಹಾಯ್’ ಎಂದಳು. ಎರಡು. ಗೌಡರ ಬಾಯಲ್ಲಿ ಅದೂ ‘ಆಯ್’ ಆಯಿತು.

ಒಬ್ಬ ಮಗನಿದ್ದ, ಮಣಿ. ಬಂದರಿನಲ್ಲಿ ಮೂಟೆ ಹೊರುವವನು, ಮುಷ್ಕರಕ್ಕೆ ಸೇರಿದವನು. “ಅವನು ಹೊಳೆಯಾಚೆ ನನ್ನ ತಂಗಿಯ ಮನೆಯಲ್ಲಿ ಇರುತ್ತಾನೆ” ಎನ್ನುವಾಗ ದನಿ ತಗ್ಗುತ್ತಿತ್ತು. ನನಗೆ ದನಿ ತಗ್ಗಿದ್ದು ಕೇಳಿಸಿತು, ಏಕೆ ತಗ್ಗಿತು ಎಂದು ಕೇಳಿಸಲಿಲ್ಲ.

ಅವಳು ಓಣಿಯೊಳಗೆ ಬಂದರೆ, “ಬಾ ಕಾನ್ ಓಯ್, ರಾ ದೀ” ಎನ್ನುವಳು. ನೆಂಟರೇ, ಹೊರಗೆ ಬನ್ನಿ. ‘ಓಯ್’ ಎನ್ನುವುದನ್ನು ದಾರದಂತೆ ಎಳೆದು, ‘ದೀ’ ಎನ್ನುವಲ್ಲಿ ಮೆಲ್ಲಗೆ ಕೆಳಗಿಡುವಳು. ತೆಲುಗರಲ್ಲೂ ‘ರಾ’ ಅಂದರೆ ಬಾ ಎಂದೇ ಎಂದು ನಾನು ಹೇಳಿದ್ದೆ, ಅವಳಿಗೆ ಆಶ್ಚರ್ಯವಾಗಿತ್ತು. ಒಂದು ಮಧ್ಯಾಹ್ನ ಅವಳ ಎದುರಿಗೇ ಅವಳ ಹಾಗೆ ಕೂಗಿದೆ. ಪಕ್ಕದ ಮನೆಯ ಮುದುಕಿ ನಿಜವಾಗಿಯೂ ಬಟ್ಟಲು ಹಿಡಿದು ಹೊರಗೆ ಬಂದಳು. ಬಾ ತೂ ಸೌಟು ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

“ಗಂಡ ಸಾಯುತ್ತಾನೆ. ಆಮೇಲೆ ನನ್ನನ್ನು ಯಾರೂ ಅಣಕಿಸುವುದಿಲ್ಲ. ಇನ್ನೊಂದು ಸಲ ಮಾಡು, ಹಾಯ್” ಎಂದಳು.

ಕ್ಯಾಪ್ಟನ್ ಸಾಹೇಬರ ಪಾಠ

ಒಂದು ಬೆಳಿಗ್ಗೆ ಕ್ಯಾಪ್ಟನ್ ನಮ್ಮನ್ನೆಲ್ಲ ಕೂರಿಸಿ ಶತ್ರು ಯಾರೆಂದು ತಿಳಿಸಿದ. ಶತ್ರು ಕಮ್ಯುನಿಸ್ಟ್. ಅವನು ನಿಮ್ಮ ಜಮೀನು ಕಿತ್ತುಕೊಳ್ಳುತ್ತಾನೆ, ಕಣಜದ ಭತ್ತ ಹೊತ್ತುಕೊಂಡು ಹೋಗುತ್ತಾನೆ, ದೇವರನ್ನು ಬಯ್ಯುತ್ತಾನೆ. ಈ ಕಾಯಿಲೆಯನ್ನು ಇಲ್ಲೇ ತಡೆಯದಿದ್ದರೆ ನಾಳೆ ನಿಮ್ಮ ಹಳ್ಳಿಗೂ ಬರುತ್ತದೆ.

ಗೌಡರು ನನ್ನ ಕಿವಿಯ ಹತ್ತಿರ, “ಜಮೀನ್ ಕಿತ್ಕಳಾದು, ಬತ್ತ ಒತ್ಕೊಂಡೋಗಾದು. ಅಂಗಾರೆ ನಮ್ಮೂರ್ ಶಾನುಭೋಗ್ರೂ ಕಮ್ಯುನಿಸ್ಟೇ ಅನ್ನು” ಎಂದರು.

“ಅವರು ದೇವರನ್ನ ಬಯ್ಯಲ್ಲ ಗೌಡ್ರೇ.”

“ಅದೊಂದ್ ಬಾಕಿ.”

ಸಂಜೆ ನಾನು ಆ ಪಾಠವನ್ನು ಕ್ಯಾಪ್ಟನ್ನನ ಮೂಗಿನಲ್ಲೇ ಒಪ್ಪಿಸಿದೆ. ಪಂಜಾಬಿನವರು, ಗಢವಾಲಿನವರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕರೆ ಒಪ್ಪಲಿಲ್ಲವೆಂದೇ ಅರ್ಥ ಎಂದು ಆಗ ತಿಳಿದಿದ್ದೆ. ನಕ್ಕಾದ ಮೇಲೆ ಮಾಡಬೇಕಾದ್ದು ಏನೂ ಉಳಿಯುವುದಿಲ್ಲ ಎಂದೂ ತಿಳಿದಿದ್ದೆ.

ನಗು ಕೇಳಿ ಕ್ಯಾಪ್ಟನ್ ಒಳಗೆ ಬಂದ. ಶಿಕ್ಷೆ ಕಾದಿದೆ ಎಂದುಕೊಂಡೆ. ಅವನು ನನ್ನ ಬೆನ್ನು ತಟ್ಟಿ ತನ್ನ ಹಿಂದೂಸ್ತಾನಿಯಲ್ಲಿ, “ತುಮ್ ಬಹೂಟ್ ಅಚ್ಚಾ ಟೋಟಾ ಹೈ” ಎಂದ. ನೀನು ಒಳ್ಳೆಯ ಗಿಣಿ.

“ತ್ವಾಟ ಅಂದ್ನಲ್ಲಾ. ನಿಂಗ್ ತ್ವಾಟ ಬರ್ದ್ ಕೊಡ್ತಾನಂತಾ?” ಎಂದರು ಗೌಡರು.

ಹಿಂದಿನ ಓಣಿ

ಎರಡು ದಿನ ಬಿಟ್ಟು ಗಿಣಿಗೆ ಕೆಲಸ ಬಂತು. ಒಬ್ಬ ಎಳೆಯ ಫ್ರೆಂಚ್ ಲೆಫ್ಟಿನೆಂಟ್ ನನಗೆ ಒಂದು ವಾಕ್ಯ ಬಾಯಿಪಾಠ ಮಾಡಿಸಿದ. ಓಣಿಗಳಲ್ಲಿ ಬಂದೂಕು ಹುಡುಕಬೇಕು, ಬಾಗಿಲು ಒಡೆದರೆ ಜನ ಸಾಯುತ್ತಾರೆ, ಅವರಾಗಿಯೇ ಹೊರಗೆ ಬಂದರೆ ಯಾರಿಗೂ ಏನೂ ಆಗುವುದಿಲ್ಲ ಎಂದ ಕ್ಯಾಪ್ಟನ್. ವಾಕ್ಯ ಹೀಗಿತ್ತು: “ಬಾ ಕಾನ್ ಓಯ್, ರಾ ದೀ, ದೂಂಗ್ ಸೋ.” ಕೊನೆಯ ತುಂಡು ನನಗೆ ಹೊಸದು. ಮೊದಲಿನದು ಬಾ ತೂವಿನದು.

ಗೌಡರು ಲಾರಿಯನ್ನು ನಡಿಗೆಯ ವೇಗದಲ್ಲಿ ಬಿಟ್ಟರು. ನಾನು ಮೇಲೆ ನಿಂತು ತಗಡಿನ ಕಹಳೆಯಲ್ಲಿ ಕೂಗಿದೆ. ಮೊದಲ ಓಣಿಯಲ್ಲಿ ಒಂದು ಕಿಟಕಿಯೂ ತೆರೆಯಲಿಲ್ಲ. ಎರಡನೆಯದರಲ್ಲೂ ಇಲ್ಲ. ಲೆಫ್ಟಿನೆಂಟ್ ಮೂಗಿನಲ್ಲಿ ಒಂದು ಸದ್ದು ಮಾಡಿದ. ಅದು ನನಗೆ ತಾಗಿತು. ನಿಜ ಹೇಳುತ್ತೇನೆ, ಹೆದರಿಕೆಯಿಂದ ಮಾಡಿದ್ದಲ್ಲ, ಆಜ್ಞೆ ಎಂದೂ ಮಾಡಿದ್ದಲ್ಲ. ಮೂಗಿನ ಸದ್ದಿಗೆ ಉತ್ತರ ಕೊಡಲು ಮಾಡಿದೆ. ಮೂರನೆಯದು ಬಾ ತೂ ಇದ್ದ ಓಣಿ. ನಾನು ಫ್ರೆಂಚನ ಉಚ್ಚಾರ ಬಿಟ್ಟೆ. ‘ಓಯ್’ ಅನ್ನು ದಾರದಂತೆ ಎಳೆದೆ. ‘ದೀ’ ಅನ್ನು ಮೆಲ್ಲಗೆ ಕೆಳಗಿಟ್ಟೆ.

ಗೌಡರ ಭುಜ ಕುಲುಕಿತು, ನಗು. ಕ್ಯಾಪ್ಟನ್ನೂ ನಕ್ಕ.

ಒಂದು ಕಿಟಕಿ ತೆರೆಯಿತು. ಬಟ್ಟಲು ಹಿಡಿದ ಅದೇ ಮುದುಕಿ. ಆಮೇಲೆ ಬಾಗಿಲುಗಳು, ಹೆಂಗಸರು, ಆಮೇಲೆ ಗಂಡಸರು. ಒಂದು ಮನೆಯ ಅಟ್ಟದಿಂದ ಏಣಿ ಇಳಿದು ಒಬ್ಬ ತರುಣ ಬರಿಗಾಲಿನಲ್ಲಿ ಹೊರಗೆ ಬಂದ. ಕಪ್ಪು ಮೈ, ಗುಂಗುರು ಕೂದಲು, ಪುದುಚೇರಿಯ ಮುಖ. ಅವನು ಅಮ್ಮನಿಗಾಗಿ ಆ ಕಡೆ ಈ ಕಡೆ ನೋಡಿದ. ಆಮೇಲೆ ತಲೆಯೆತ್ತಿ ನನ್ನ ಬಾಯಿ ನೋಡಿದ.

ತಿರುವಿನ ಹಿಂದಿನಿಂದ ಫ್ರೆಂಚರ ಲಾರಿಗಳು ಬಂದವು. ಬಂದೂಕು ಹುಡುಕಲು ಯಾರೂ ಮನೆಯೊಳಗೆ ಹೋಗಲಿಲ್ಲ. ಗಂಡಸರ ಕೈ ಹಿಂದಕ್ಕೆ ಕಟ್ಟಿದರು.

ಬಾ ತೂ ಓಣಿಯ ಇನ್ನೊಂದು ತುದಿಯಲ್ಲಿ ಅಡ್ಡೆ ಹೊತ್ತು ನಿಂತಿದ್ದಳು. ತಾನು ಕೂಗದೆ ತನ್ನ ಕೂಗು ಕೇಳಿ ಬಂದವಳು. ಅಡ್ಡೆ ಇಳಿಸದೆಯೇ ಏನೋ ಕೂಗಿದಳು, ಬರಬೇಡಿ ಎಂದಿರಬೇಕು. ದನಿ ಅದೇ. ಯಾವುದು ನಿಜವೆಂದು ಜನಕ್ಕೆ ತಿಳಿಯಲಿಲ್ಲ. ಹೊರಗೆ ಬಂದವರು ನಿಂತಲ್ಲೇ ನಿಂತರು, ಒಳಗಿದ್ದ ಇಬ್ಬರು ಅವಳ ದನಿಗೆ ಹೊರಗೆ ಬಂದರು. ಅವರನ್ನೂ ಕಟ್ಟಿದರು.

ಟೆಲಿಫೋನು

ಗೌಡರು ಆ ಮಧ್ಯಾಹ್ನ ಉಣ್ಣಲಿಲ್ಲ. ಚಕ್ರದ ಪಕ್ಕದಲ್ಲಿ ಕೂತು ಬೀಡಿ ಹಚ್ಚಿದರು.

“ನಂಗೂ ನಗು ಬಂತು ಕಣ್ಲಾ. ಅದ್ಕೇ ಒಟ್ಟೆ ಉರೀತೈತೆ” ಎಂದರು. ಬೀಡಿಯನ್ನು ನೆಲಕ್ಕೆ ಒರೆಸಿ, “ಕ್ಯಾಪ್ಟನ್ನಂಗೆ ಮಾತಾಡ್ತೀಯಲ್ಲಾ, ಪೋನ್ನಾಗೆ ಮಾತಾಡು. ಅವಳ್ ಮಗ, ಆ ಐದ್ನ ಬುಡಿ ಅನ್ನು. ಕುಣ್ಯಾಕೆ ಬತ್ತದೆ, ಒಂದ್ ಕೆಲ್ಸುಕ್ಕ್ ಬರಾಕಿಲ್ವಾ?” ಎಂದರು.

ನನಗೆ ಜೀವ ಬಂತು. ಕ್ಯಾಪ್ಟನ್ ಊಟಕ್ಕೆ ಹೋಗಿದ್ದ. ಹಿಡಿದವರನ್ನಿಟ್ಟಿದ್ದ ಫ್ರೆಂಚ್ ಠಾಣೆಗೆ ಫೋನು ಮಾಡಿ, ಮೂಗಿನ ಇಂಗ್ಲಿಷಿನಲ್ಲಿ, ಮಣಿ ಎಂಬ ಬಂದರಿನ ಆಳನ್ನು ಕೂಡಲೇ ಬಿಡತಕ್ಕದ್ದು ಎಂದೆ. ಜೀವನದಲ್ಲಿ ಅಷ್ಟು ಚೆನ್ನಾಗಿ ಯಾರನ್ನೂ ಅಣಕಿಸಿರಲಿಲ್ಲ. ಆ ಕಡೆಯವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವನು ಫ್ರೆಂಚಿನಲ್ಲಿ ಏನೋ ಕೇಳಿದ. ನನಗೆ ಬರುತ್ತಿದ್ದ ಫ್ರೆಂಚ್ ಒಂದೇ. “ಉಯಿ” ಎಂದೆ, ಹೌದು. ಇನ್ನೇನೋ ಕೇಳಿದ, ಮಧ್ಯೆ ‘ಮಣಿ’ ಎಂದಂತೆಯೂ ಕೇಳಿಸಿತು. “ಉಯಿ, ಉಯಿ” ಎಂದೆ. ಅವನು ಬಹಳ ಮರ್ಯಾದೆಯಿಂದ ಫೋನಿಟ್ಟ.

“ಏನಂದ್ನ್ಲಾ?” ಎಂದು ಗೌಡರು ಕೇಳಿದರು.

ಯಾವುದಕ್ಕೆ ಹೌದು ಎಂದೆನೋ ನನಗೆ ಇವತ್ತಿಗೂ ತಿಳಿಯದು.

ಬಂದರಿನ ಗೇಟು

ಮಾರನೆಯ ಬೆಳಿಗ್ಗೆ ಹಿಡಿದವರನ್ನು ದೋಣಿಯಲ್ಲಿ ದ್ವೀಪದ ಜೈಲಿಗೆ ಸಾಗಿಸಿದರೆಂದು ಗೊತ್ತಾಯಿತು. ಗೌಡರು ಬಂದರಿನವರೆಗೆ ಲಾರಿ ಬಿಟ್ಟರು, ಇಳಿಯಲಿಲ್ಲ. ಗೇಟಿನ ಹತ್ತಿರ ಹೆಂಗಸರ ಗುಂಪು. ಬಾ ತೂ ಬಾಳೆಲೆಯಲ್ಲಿ ಕಟ್ಟಿದ ಒಂದು ಪೊಟ್ಟಣ ಹಿಡಿದು ನಿಂತಿದ್ದಳು. ಕೊಡಬೇಕಾದವನು ಹೋಗಿಯಾಗಿತ್ತು. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ. ತಿರುಗಿಸಿದ್ದರೆ ಚೆನ್ನಾಗಿತ್ತು.

“ಅಮ್ಮಾ, ಮಣಿ ಒಳಗಿದ್ದದ್ದು ನನಗೆ ಗೊತ್ತಿರಲಿಲ್ಲ” ಎಂದೆ.

“ಗೊತ್ತಿಲ್ಲ” ಎಂದು ಒಪ್ಪಿದಳು.

“ಅವರು ಹಿಡಿದುಕೊಂಡು ಹೋಗುತ್ತಾರೆಂದೂ ಗೊತ್ತಿರಲಿಲ್ಲ. ನಾನು ಹೇಳಿದ್ದರ ಅರ್ಥವೂ ಸರಿಯಾಗಿ ಗೊತ್ತಿರಲಿಲ್ಲ.”

“ದೂಂಗ್ ಸೋ ಅಂದರೆ ಹೆದರಬೇಡ” ಎಂದಳು. ಮಗುವಿಗೆ ಹೇಳಿಕೊಡುವಂತೆ ಬಿಡಿಸಿ ಹೇಳಿದಳು. “ಆದರೆ ‘ರಾ’ ನಿನಗೆ ಗೊತ್ತು.”

ಗೊತ್ತಿತ್ತು. ಅದನ್ನು ಬಿಟ್ಟು ಇನ್ನೇನಾದರೂ ಹಿಡಿದುಕೊಳ್ಳಲು ಸಿಗುತ್ತದೆಯೇ ಎಂದು ಹುಡುಕಿದೆ. ಸಿಕ್ಕಿದ್ದನ್ನು ಹೇಳಿಯೂಬಿಟ್ಟೆ:

“ಆ ಮಾತು ನನ್ನದಲ್ಲಮ್ಮ. ಲೆಫ್ಟಿನೆಂಟ್ ಹೇಳಿಕೊಟ್ಟದ್ದು. ನಾನು ಬರೀ ಒಪ್ಪಿಸಿದೆ.”

ಅವಳು ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು.

“ಮಾತು ಅವನದು, ಹಾಯ್. ದನಿ ನನ್ನದು. ಅಲ್ಲಿ ನಿನ್ನದು ಏನು ಇದೆ?”